ಬೊಪ್ಪಯ್ಯನ ತಾಮ್ರದ ಬಿಲ್ಲೆ

ಹತ್ತಿರ ಬನ್ನಿ, ಬಾಗಿಲು ಮುಂದೆ ಮಾಡಿ. ಈ ಮಾತು ನಿಮ್ಮ ಸೆರಗಿನ ಗಂಟು ದಾಟಕೂಡದು, ಆಣೆ ಇಡಿ.

ನವಿಲಿಗೆ ಕೊಂಬಿದ್ದ ಕಾಲದಲ್ಲಿ ಜಾಲಿಪಟ್ಟಣ ಅಂತ ಒಂದು ರಾಜ್ಯ. ಅಲ್ಲಿ ರಾಜನ ಮುದ್ರೆಯ ಕಾಸೆಲ್ಲ ಊರವರ ಕೈಯಿಂದ ಮಾಯವಾಗತೊಡಗಿತು. ಮಾಡಿದವನು ಯಾರು? ಅಂಗಡಿ ಬೊಪ್ಪಯ್ಯ! ಬಾಯಿ ತುಂಬ ದೇವರ ನಾಮ, ಕೈಯಲ್ಲಿ ಮಂತ್ರ ಹಾಕಿ ಕಟ್ಟಿಕೊಂಡ ಭೂತ. ಆ ಭೂತ ದಿನಾ ಮಟಮಟ ಮಧ್ಯಾಹ್ನ ಊರವರ ಕಾಸೆಲ್ಲ ಬಳಿದು ತಂದು ಅವನ ಅಟ್ಟಕ್ಕೆ ಸುರಿಯುತ್ತಿತ್ತು.

"ಚಿಲ್ಲರೆ ಇಲ್ಲ ಕಣ್ರಮ್ಮ" ಅಂತ ಅವನೇ ತಾಮ್ರದ ಬಿಲ್ಲೆ ಹೊಯ್ದು ಹಂಚಿದ. ಒಂದು ಕಡೆ ಅವನ ತಕ್ಕಡಿ ಮುದ್ರೆ, ಇನ್ನೊಂದು ಕಡೆ ಅಕ್ಷರ. ಕಾಸಿನ ಬದಲು ಇದೇ, ಬಿಲ್ಲೆ ತಂದರೆ ಸಾಮಾನು ಅಂದ.

ಮಜ್ಜಿಗೆ ಮಾರುವ ದುಂಡಮ್ಮನಿಗೆ ಓದು ಬಾರದು. ಬೀದಿಗೆಲ್ಲ ಓದು ಬಲ್ಲವಳು ಪಕ್ಕದ ಮನೆ ಜಲಜಮ್ಮ ಒಬ್ಬಳೇ. "ಲಕ್ಷ್ಮೀ ಹೆಸರು ಬರೆದಿದೆ ಕಣೆ, ಕಣ್ಣಿಗೊತ್ತಿಕೊಂಡು ತಗೋ" ಎಂದಳು. ಆ ವಾರವೇ ಅವಳ ಮೈಮೇಲೆ ಹೊಸ ಜರಿಸೀರೆ! ಎಲ್ಲಿಂದ ಬಂತು ಅಂತ ಬಿಡಿಸಿ ಹೇಳಬೇಕೆ?

ಬೊಪ್ಪಯ್ಯನಿಗೆ ಹತ್ತು ದಿನ ಮಜ್ಜಿಗೆ ಕೊಟ್ಟು ದುಂಡಮ್ಮ ಮೂರು ಬಿಲ್ಲೆ ಕೂಡಿಸಿದಳು. ಮನೆಯಲ್ಲಿ ಮಗಳು ಹಸಿ ಬಾಣಂತಿ, ನಡುಕ ಹತ್ತಿತ್ತು. ಎರೆಯಲು ಹನಿ ಹರಳೆಣ್ಣೆ ಇಲ್ಲ.

ಮೊದಲ ದಿನ ಹೋದಳು. ಬೊಪ್ಪಯ್ಯ ಬಿಲ್ಲೆ ತಿರುಗಿಸಿ, "'ನಾಳೆ ಬಾ' ಅಂತ ಬರೆದಿದೆ. ತಾಮ್ರ ಸುಳ್ಳಾಡುತ್ತದಾ?" ಎಂದ. ಎರಡನೆಯ ದಿನವೂ "ನಾಳೆ ಬಾ." ಮೂರನೆಯ ದಿನವೂ "ನಾಳೆ ಬಾ", ಜೊತೆಗೆ ಕಿಸಕ್ಕನೆ ನಗು.

ದುಂಡಮ್ಮನಿಗೆ ಸಿಟ್ಟು ನೆತ್ತಿಗೇರಿತು. "ಭೂತ ಬರದಿರಲಿ ಅಂತ ಬಾಗಿಲಿಗೆ ಬರೆಯೋ ಮಾತನ್ನ ನನಗೆ ಹೇಳ್ತೀಯಾ? ನಿನ್ನ ಬಾಯಿಗೆ ಮಣ್ಣು ಬೀಳ!" ಎಂದವಳೇ ಮೂರು ಬಿಲ್ಲೆಗೂ ತಕ್ಕಡಿಯ ಕಡೆ ಸಗಣಿ ಮೆತ್ತಿ ಅವನ ಬಾಗಿಲಿಗೇ ಬಡಿದಳು.

ಮಧ್ಯಾಹ್ನ ಭೂತ ಮೂಟೆ ಹೊತ್ತು ಬಂತು. ಒಂದನ್ನು ಓದಿತು, ಎರಡನ್ನು ಓದಿತು, ಮೂರನ್ನೂ ಓದಿ ಹಿಂದೆ ತಿರುಗಿತು.

"ಒಳಗೆ ಬಾರೋ!" ಬೊಪ್ಪಯ್ಯ ಅರಚಿದ.

"ನಾಳೆ ಬಾ ಅಂತಿದೆಯಲ್ಲ ಬುದ್ಧಿ. ತಾಮ್ರ ಸುಳ್ಳಾಡುತ್ತದಾ?"

ಬೊಪ್ಪಯ್ಯ ಓಡಿಬಂದು ಬಿಲ್ಲೆ ಕಿತ್ತ. ತನ್ನ ಮುದ್ರೆ ತಾನೇ ಕಿತ್ತವನ ಮಂತ್ರ ನಿಲ್ಲುತ್ತದೆಯೆ? ಮೂಟೆ ಬಿರಿಯಿತು, ಅಟ್ಟ ಬಿರಿಯಿತು, ಕಾಸೆಲ್ಲ ಝಣಝಣ ಅಂತ ತಮ್ಮ ತಮ್ಮ ಮನೆಗೆ ಓಡಿತು. ಭೂತ ಗಾಳಿಯಾಯಿತು. ಬೊಪ್ಪಯ್ಯ ಸವೆದ ಬಿಲ್ಲೆಯಾಗಿ ಉರುಳಿ ಚರಂಡಿಗೆ ಬಿದ್ದ.

ಅಂದೇ ಬಾಣಂತಿಗೆ ಎಣ್ಣೆನೀರು ಎರೆದದ್ದಾಯಿತು, ನಡುಕ ಬಿಟ್ಟಿತು. ಊರೆಲ್ಲ ನಕ್ಕು ಉಂಡಿತು. ಜಲಜಮ್ಮನೂ ಬಂದಳು. ಜರಿಸೆರಗು ಸರಿಮಾಡಿಕೊಂಡು, ಒಂದಿಷ್ಟೂ ನಾಚಿಕೆಯಿಲ್ಲದೆ, ದುಂಡಮ್ಮನ ಮುಖ ನೋಡಿಯೇ ಅಂದಳು:

"ಏನೇ ಹೇಳು ದುಂಡಕ್ಕ, ಅವನ ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗಿತ್ತು!"