ಆರೂವರೆ ಗಂಟೆಯ ಬಸ್

ಸಣ್ಣ ಪ್ಲಾಸ್ಟಿಕ್ ಚೀಲಕ್ಕೆ ಒಂದು ಸೌಟು ಚಟ್ನಿ. ಚೀಲದ ಕುತ್ತಿಗೆ ಹಿಡಿದು ಒಂದು ತಿರುವು. ದಾರ ಮೂರು ಸುತ್ತು, ಒಂದು ಎಳೆತ. ಸಂಜನಾಳಿಗೆ ಈ ಕೆಲಸಕ್ಕೆ ಕಣ್ಣೂ ಬೇಡ, ಮಾತೂ ಬೇಡ. ಡೊಂಬಿವಲಿಯ ಸ್ಟೇಷನ್ ಹತ್ತಿರದ ಸೋದರಮಾವನ ಹೋಟೆಲಿನಲ್ಲಿ, ಪಾರ್ಸೆಲ್ ಕೌಂಟರಿನ ಹಿಂದೆ ನಿಂತು, ಅವಳು ಕಟ್ಟಿದ ಚೀಲಗಳನ್ನು ಸ್ಟೀಲ್ ತಟ್ಟೆಯಲ್ಲಿ ಸಾಲಾಗಿ ಇಡುತ್ತಿದ್ದಳು. ಕೌಂಟರಿನ ಆಚೆ ಬೆವರಿಗೆ ಅಂಟಿದ ಟೀ ಶರ್ಟಿನ ಯುವಕನೊಬ್ಬ ನಿಂತಿದ್ದ.

ಇಪ್ಪತ್ತನೇ ಚೀಲ ಇಟ್ಟಾಗ ಅವನು ಕೈಗಡಿಯಾರದ ಗುಂಡಿ ಒತ್ತಿದ.

"ಎರಡು ನಿಮಿಷ," ಎಂದ.

ತಡವಾಯಿತೆಂದು ಬಯ್ಯುತ್ತಿದ್ದಾನೆ ಎಂದುಕೊಂಡಳು ಸಂಜನಾ. "ನಿಮ್ಮದು ಆಯ್ತು, ಈಗ ಕೊಟ್ಟೆ."

"ಅರೇ, ಲೇಟ್ ಅಂತ ಹೇಳಿದ್ದಲ್ಲ. ಒಂದು ಚೀಲಕ್ಕೆ ಆರು ಸೆಕೆಂಡ್. ಮೊದಲನೇದಕ್ಕೂ ಆರು, ಲಾಸ್ಟಿಗೂ ಆರು." ಅವನು ನಕ್ಕ. "ಬೆಳಿಗ್ಗೆ ಹಾಲಿನ ಕ್ಯಾನ್ ಹಿಡ್ಕೊಂಡು ಬ್ರಿಡ್ಜ್ ಹತ್ರದಿಂದ ಓಡಿ ಬರೋದು ನೀವೇ ಅಲ್ವಾ? ಅದು ಏಳು ನಿಮಿಷ. ನಿನ್ನೆನೂ ಏಳು, ಇವತ್ತೂ ಏಳು. ಅದೂ ಚಪ್ಪಲಿಯಲ್ಲಿ."

ಅವಳ ಕಿವಿ ಬಿಸಿಯಾಯಿತು. ತನ್ನನ್ನು ಯಾರೂ ನೋಡುವುದಿಲ್ಲ ಎಂಬ ಧೈರ್ಯದಲ್ಲಿ ಲೋಕವನ್ನೆಲ್ಲ ನೋಡುತ್ತಾ ಬಂದವಳು ಅವಳು.

"ಹಾಲು ತಡವಾದರೆ ಮಾವ ಬಯ್ತಾರೆ," ಎಂದಳು, ತಟ್ಟೆಯ ಕಡೆ ನೋಡುತ್ತಾ.

ಗಲ್ಲಾದಲ್ಲಿ ಕೂತಿದ್ದ ಮುರಾರಿ ಮಾವ ಕನ್ನಡಕದ ಮೇಲಿಂದ ನೋಡಿದರು. "ಏನಪ್ಪ, ನೀನು ಇಡ್ಲಿ ತಿನ್ನಲು ಬಂದವನಾ, ಚಟ್ನಿ ಇನ್ಸ್‌ಪೆಕ್ಟರಾ?"

ಅವನ ಹೆಸರು ಸುಶ್ರುತ. ಊರು ಉಡುಪಿಯ ಕಡೆ, ಹುಟ್ಟಿದ್ದು ಬೆಳೆದದ್ದು ಕಲ್ಯಾಣ. ಠಾಣೆ ನಗರದ ಆಫೀಸೊಂದರಲ್ಲಿ ಕೆಲಸ. ಭಾನುವಾರ ಬೆಳಿಗ್ಗೆ ಓಡುವ ಒಂದು ಗುಂಪಿನಲ್ಲಿ ಅವನು ಪೇಸರ್. ಪೇಸರ್ ಎಂದರೇನೆಂದು ಅವಳಿಗೆ ತಿಳಿದದ್ದು ಮುಂದಿನ ವಾರ, ಎರಡನೇ ಪ್ಲೇಟ್ ಇಡ್ಲಿಯ ನೆಪದಲ್ಲಿ. ಮ್ಯಾರಥಾನಿನಲ್ಲಿ, ಇಷ್ಟು ಗಂಟೆಯಲ್ಲಿ ಮುಗಿಸುತ್ತೇನೆ ಎಂದು ಬರೆದ ಬಾವುಟ ಹಿಡಿದು, ಗಡಿಯಾರ ತಪ್ಪದಂತೆ ಒಂದೇ ವೇಗದಲ್ಲಿ ಓಡುವವನು. ಅವನನ್ನು ನಂಬಿ ಹಿಂದೆ ಓಡುವ ಗುಂಪಿಗೆ 'ಬಸ್' ಎನ್ನುತ್ತಾರಂತೆ.

"ನನ್ನದು ಆರೂವರೆ ಗಂಟೆಯ ಬಸ್. ಎಲ್ಲಕ್ಕಿಂತ ಸ್ಲೋ," ಎಂದ. "ಮೊದಲನೇ ಸಲ ಓಡೋರು, ವಯಸ್ಸಾದೋರು. ನಿಮಗೂ ಸೀಟ್ ಇದೆ. ಡಿಸೆಂಬರಲ್ಲಿ, ನವಿ ಮುಂಬೈ."

"ನಿಲ್ಲಿಸಿ ಹತ್ತಿಸಿಕೊಳ್ತೀರಾ?"

"ಅದೊಂದೇ ಪ್ರಾಬ್ಲಮ್. ಈ ಬಸ್ಸಿಗೆ ಸ್ಟಾಪ್ ಇಲ್ಲ. ಒಬ್ಬರಿಗೋಸ್ಕರ ನಿಂತ್ರೆ ಹಿಂದಿರುವ ಎಲ್ಲರ ಟೈಮ್ ಹೋಗ್ತದೆ."

ಸಂಜನಾ ಓಡಲು ಹೋಗುತ್ತೇನೆ ಎಂದಾಗ ಮಾವ ಒಪ್ಪಲಿಲ್ಲ. "ಅಲ್ಲಿ ಕೊನೆಗೆ ಏನುಂಟು?" ಎಂದು ಕೇಳಿದರು.

"ಒಂದು ಗೆರೆ ಇರ್ತದಂತೆ."

"ಗೆರೆ ನೋಡಲಿಕ್ಕೆ ನಲವತ್ತೆರಡು ಕಿಲೋಮೀಟರಾ? ಇಲ್ಲೇ ನೆಲದ ಮೇಲೆ ಎಳೆದು ಕೊಡ್ತೇನೆ, ನೋಡು."

ಕೊನೆಗೆ ಅಡಿಗೆಮನೆಯಿಂದ ಸುಗುಣಾ ಮಾಮಿ ಹೇಳಿದರು: "ಹೋಗಿ ಬರಲಿ ಬಿಡಿ. ನಮ್ಮ ಸಪ್ಲೈಯರ್ ಮಾಪಣ್ಣನ ಹೆಂಡತಿ ಗುರಮ್ಮ ಭಾನುವಾರ ಪಾರ್ಸೆಲ್ ನೋಡಿಕೊಳ್ತಾಳೆ. ಈ ಹುಡುಗಿ ಬಂದು ಹತ್ತು ವರ್ಷವಾಯ್ತು, ಬೇಕು ಅಂತ ಕೇಳಿದ್ದು ಇದೊಂದೇ."

*

ಶೂಸ್ ಒಂದು ನಂಬರ್ ದೊಡ್ಡದೇ ತೆಗೆದುಕೊಳ್ಳಬೇಕು ಎಂದು ಸುಶ್ರುತ ಹೇಳಿದ್ದ. ನಾಚಿಕೆಯಿಂದ ಅಂಗಡಿಯಲ್ಲಿ ಅವಳು ಸರಿ ಅಳತೆಯದ್ದನ್ನೇ ಕೇಳಿದಳು. ಮೂರನೇ ಭಾನುವಾರ ಹೆಬ್ಬೆರಳ ಉಗುರು ಕಪ್ಪಾಯಿತು. ಯಾರಿಗೂ ಹೇಳಲಿಲ್ಲ. ಸಿಗ್ನಲಿನಲ್ಲಿ ನಿಂತಾಗ ಅವನು ರಸ್ತೆಯ ಆಚೆ ನೋಡುತ್ತಲೇ ಜೇಬಿನಿಂದ ಒಂದು ಬ್ಯಾಂಡೇಜ್ ಪಟ್ಟಿ ತೆಗೆದು ಅವಳ ಕಡೆ ಚಾಚಿದ. ತಿರುಗಿ ನೋಡಲಿಲ್ಲ. ಅವಳು ತೆಗೆದುಕೊಂಡಳು. ಅವಳೂ ನೋಡಲಿಲ್ಲ.

ಆದರೆ ಉಳಿದ ಹೊತ್ತೆಲ್ಲ ಅವಳು ನೋಡುತ್ತಿದ್ದಳು. ನಿಂತಲ್ಲಿಯೂ ಅವನ ಎಡಗಾಲಿನ ಶೂಸಿನ ತುದಿ ನೆಲವನ್ನು ಕುಟ್ಟುತ್ತಿರುತ್ತದೆ, ಒಳಗೊಂದು ಗಡಿಯಾರವಿದ್ದ ಹಾಗೆ. ಬಿಸಿ ಚಹಾ ಕುಡಿಯುವಾಗಲೂ ಕುಟ್ಟುತ್ತದೆ. ಬೇರೆಯವರೊಂದಿಗೆ ಹಿಂದಿಯಲ್ಲೋ ಮರಾಠಿಯಲ್ಲೋ ಜೋರಾಗಿ ಮಾತಾಡುವವನು ಅವಳೊಂದಿಗೆ ಕನ್ನಡಕ್ಕೆ ಬಂದಾಗ ಸ್ವಲ್ಪ ನಿಧಾನವಾಗುತ್ತಾನೆ, ಹೊಸ ಚಪ್ಪಲಿ ಹಾಕಿದವನಂತೆ. ಆ ನಿಧಾನ ಅವಳಿಗೆ ಇಷ್ಟವಾಗಿತ್ತು.

ಮಳೆಗಾಲದಲ್ಲಿ ಹತ್ತು ಕಿಲೋಮೀಟರ್ ಓಡಿದಳು. ಗಣಪತಿ ಹಬ್ಬದ ಹೊತ್ತಿಗೆ ಹದಿನೆಂಟು. ಬ್ಯಾಂಕಿನಲ್ಲಿ ಕೆಲಸ ಮಾಡುವ ನಿಶಾ ಜೊತೆಗಿರುತ್ತಿದ್ದಳು. ಏರು ಹತ್ತುವುದನ್ನು ಕಲಿಯಲು ಎಲ್ಲರೂ ಮೊದಲ ಲೋಕಲ್ ಹಿಡಿದು ಠಾಣೆಗೆ ಹೋದರು. ಮಾಜಿವಾಡಾದ ಫ್ಲೈಓವರನ್ನು ಎಂಟು ಸಲ ಹತ್ತಿ ಎಂಟು ಸಲ ಇಳಿಯುವುದು. ಆರನೇ ಸಲಕ್ಕೆ ನಿಶಾ ಕೈ ಮುಗಿದು ಚಹಾದ ಗಾಡಿಯ ಹತ್ತಿರ ಕೂತುಬಿಟ್ಟಳು. ಎಂಟನೆಯದಕ್ಕೆ ಮೇಲೆ ಬಂದು ನಿಂತವರು ಇಬ್ಬರೇ. ಕೆಳಗೆ ಲಾರಿಗಳು ನಾಸಿಕದ ಕಡೆ ಹೋಗುತ್ತಿದ್ದವು.

"ಒಂದು ಮಾತು ಕೇಳಲಾ?" ಎಂದ ಸುಶ್ರುತ.

"ಉಸಿರು ಉಳಿದಿದ್ದರೆ ಕೇಳಿ."

"ನಾನು ಮನೆಗೆ ಬಂದು ನಿಮ್ಮ ಮಾವನ ಹತ್ರ ಮಾತಾಡಲಾ? ಮತ್ಲಬ್... ಅಂದ್ರೆ, ನಮ್ಮಿಬ್ಬರ ವಿಷಯ."

ಅವಳು ಬಗ್ಗಿದಳು. ಗಟ್ಟಿಯಾಗಿಯೇ ಇದ್ದ ಲೇಸನ್ನು ಬಿಚ್ಚಿ, ಮೂರು ಸುತ್ತು ಸುತ್ತಿ ಎಳೆದು ಕಟ್ಟಿದಳು.

"ಪಾರ್ಸೆಲ್ ಹಾಗೆ ಕಟ್ಟಿದ್ರಿ," ಎಂದ ಅವನು, ಮೆಲ್ಲಗೆ.

ನಗು ಬಂತು. ಆದರೆ ಎದ್ದು ನಿಂತಾಗ ಅವಳ ಮುಖದಲ್ಲಿ ನಗು ಇರಲಿಲ್ಲ. "ನಾನು ಒಂದನ್ನೂ ಪೂರ್ತಿ ಮಾಡಿದವಳಲ್ಲ. ಒಂಬತ್ತನೇ ಕ್ಲಾಸ್ ಅರ್ಧಕ್ಕೆ ಬಿಟ್ಟೆ, ಅಮ್ಮನಿಗೆ ಹುಷಾರಿರಲಿಲ್ಲ. ಇಲ್ಲಿ ಬಂದು ಟೈಲರಿಂಗ್ ಸೇರಿದೆ, ತೋಳು ಹಚ್ಚುವುದು ಕಲಿಸುವ ಮೊದಲೇ ಹೋಟೆಲಿಗೆ ಜನ ಬೇಕಾಯ್ತು. ಮನೆಯಲ್ಲಿ ಈಗಲೂ ತೋಳಿಲ್ಲದ ಒಂದು ರವಿಕೆ ಉಂಟು." ತೋಳಿನಿಂದ ಮುಖ ಒರೆಸಿಕೊಂಡಳು. "ಇದೊಂದನ್ನು ಮುಗಿಸ್ತೇನೆ. ಮುಗಿಸಿದ ಮೇಲೆ ಹೇಳ್ತೇನೆ."

"ಮುಗಿಯದೇ ಇದ್ರೆ?"

ಅವಳು ಇಳಿಜಾರಿನಲ್ಲಿ ಓಡತೊಡಗಿದ್ದಳು. ಅವನು ಮತ್ತೆ ಆ ವಿಷಯ ಎತ್ತಲಿಲ್ಲ. ಶೂಸಿನ ತುದಿ ಮಾತ್ರ ಕುಟ್ಟುತ್ತಿತ್ತು, ಕಾಯುವವರ ಕಾಲಿನಂತೆ.

*

ಮ್ಯಾರಥಾನಿನ ಹಿಂದಿನ ದಿನ ಅವಳು ನವಿ ಮುಂಬೈಯಲ್ಲೇ, ಕಾಮೋಠೆಯ ಚಿಕ್ಕಮ್ಮನ ಮನೆಯಲ್ಲಿ ಉಳಿದಳು. ಬೆಳಿಗ್ಗೆ ಐದಕ್ಕೆ ಓಟ ಶುರು. ಮಧ್ಯಾಹ್ನ ಹನ್ನೆರಡಕ್ಕೆ, ಅಂದರೆ ಏಳು ಗಂಟೆಯ ಅವಧಿ ಮುಗಿಯುತ್ತಿದ್ದಂತೆ, ಎಲ್ಲ ಮುಚ್ಚುತ್ತಾರೆ. ಆಮೇಲೆ ಬಂದವರ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ, ಪದಕವೂ ಇಲ್ಲ.

ಬಸ್ಸಿನಲ್ಲಿ ಹದಿನಾಲ್ಕು ಜನ. ಸುಶ್ರುತನ ಬೆನ್ನಿಗೆ ಕಟ್ಟಿದ ಕೋಲಿನಲ್ಲಿ ಹಳದಿ ಬಾವುಟ, ಅದರ ಮೇಲೆ ಆರೂವರೆಯ ಅಂಕಿ. "ನೀರು ಕುಡೀರಿ, ನಡೀರಿ, ಬೇಕಾದ್ರೆ ಅಳಿ," ಎಂದು ಎಲ್ಲರಿಗೂ ಹಿಂದಿಯಲ್ಲಿ ಹೇಳಿ, ಅವಳೊಬ್ಬಳಿಗೆ ಕನ್ನಡದಲ್ಲಿ ಹೇಳಿದ: "ನಿಲ್ಲಬೇಡಿ ಮಾತ್ರ."

ಪಾಮ್ ಬೀಚ್ ರಸ್ತೆ ನೇರವಾಗಿ, ಅಗಲವಾಗಿ ಮಲಗಿತ್ತು. ಖಾಡಿಯ ಹಿನ್ನೀರಿನ ಕಡೆಯಿಂದ ಉಪ್ಪಿನ ಗಾಳಿ. ಬೆಳಕಾಯಿತು, ಬಿಸಿಲಾಯಿತು. ಇಪ್ಪತ್ತು ದಾಟಿತು, ಮೂವತ್ತು ದಾಟಿತು. ಬಾವುಟದ ನೆರಳು ಅವಳ ಪಾದದ ಮುಂದೆಯೇ ಓಡುತ್ತಿತ್ತು. ಆ ನೆರಳನ್ನು ತುಳಿಯದ ಹಾಗೆ ಓಡುವುದು ಅವಳ ಆಟವಾಗಿತ್ತು.

ಮೂವತ್ತಮೂರನೇ ಕಿಲೋಮೀಟರಿನ ನೀರಿನ ಟೇಬಲಿನಲ್ಲಿ ಒಬ್ಬಳೇ ಕಾಲೇಜು ಹುಡುಗಿ. ಜೊತೆಯವರು ನೀರು ತರಲು ಹೋಗಿದ್ದರು. ಮೂವತ್ತು ನಲವತ್ತು ಜನ ಸುತ್ತುವರಿದಿದ್ದರು. ತುಂಬಿದ ಕ್ಯಾನ್ ಎತ್ತಲಾಗದೆ ಹುಡುಗಿ ಅಳುವುದೊಂದು ಬಾಕಿ. ಗಲಾಟೆಯ ಅಂಚಿನಲ್ಲಿ ಒಬ್ಬ ಮುದುಕರು ಎರಡೂ ಕೈ ಬೊಗಸೆ ಮಾಡಿ, ಯಾರನ್ನೂ ಕೇಳದೆ ಸುಮ್ಮನೆ ನಿಂತಿದ್ದರು.

ಹತ್ತು ವರ್ಷ ಹೋಟೆಲಿನಲ್ಲಿ ನಿಂತ ಕಾಲು. ಖಾಲಿ ಕೈಯೊಂದನ್ನು ನೋಡಿ ಅದು ಮುಂದೆ ಹೋಗಲಿಲ್ಲ. ಎರಡೇ ನಿಮಿಷ ಎಂದುಕೊಂಡಳು ಸಂಜನಾ. ಕ್ಯಾನನ್ನು ಸೊಂಟಕ್ಕೆ ಆನಿಸಿ ಬಗ್ಗಿಸಿದಳು. ಗ್ಲಾಸುಗಳನ್ನು ಸಾಲಾಗಿ ಇಟ್ಟಳು. ಒಂದು ತುದಿಯಿಂದ ಇನ್ನೊಂದಕ್ಕೆ ಧಾರೆ ಕಡಿಯದ ಹಾಗೆ ನೀರು ಸುರಿದಳು. "ಪಾನಿ ಇಸ್ ತರಫ್, ನಮಕ್ ಉಸ್ ತರಫ್," ಎಂದಳು; ನೀರು ಈ ಕಡೆ, ಉಪ್ಪು ಆ ಕಡೆ. ತನ್ನ ಧ್ವನಿ ಅಷ್ಟು ದೊಡ್ಡದೆಂದು ಅವಳಿಗೇ ಗೊತ್ತಿರಲಿಲ್ಲ. ಜನ ಸಾಲಾದರು.

"ಸಂಜನಾ."

ತಲೆಯೆತ್ತಿದಳು. ಬಸ್ ಮುಂದೆ ಹೋಗಿಬಿಟ್ಟಿತ್ತು. ಸುಶ್ರುತ ಹಿಮ್ಮುಖವಾಗಿ ಓಡುತ್ತಾ ಅವಳನ್ನು ನೋಡುತ್ತಿದ್ದ. ಒಂದು ಹೆಜ್ಜೆ, ಎರಡು, ಮೂರು, ನಾಲ್ಕು. ವೇಗ ಒಂದಿಷ್ಟೂ ಕಡಿಮೆಯಾಗಲಿಲ್ಲ. ಕಣ್ಣು ಮಾತ್ರ ಅಲ್ಲೇ ನಿಂತಿತ್ತು. ಆಮೇಲೆ ಅವನ ಹಿಂದೆ ಓಡುತ್ತಿದ್ದ ಹದಿಮೂರು ಮುಖಗಳು ಅಡ್ಡ ಬಂದವು. ಅವನು ತಿರುಗಿದ. ಹಳದಿ ಬಾವುಟ ಚಿಕ್ಕದಾಗುತ್ತಾ ಹೋಯಿತು.

ನೀರು ತರಲು ಹೋದವರು ಬಂದಾಗ ಇಪ್ಪತ್ತೆರಡು ನಿಮಿಷವಾಗಿತ್ತು. ಒಬ್ಬ ಅವಳ ಎದೆಯ ಮೇಲಿನ ನಂಬರ್ ನೋಡಿ, ಇವಳು ಓಡಲು ಬಂದವಳೆಂದು ತಿಳಿದು ಬೆಚ್ಚಿದ. "ಮ್ಯಾಡಮ್, ಆಪ್ ತೋ ರನರ್ ಹೋ."

ಕಾಲು ಕಟ್ಟಿಗೆಯಾಗಿತ್ತು. ಇನ್ನೂ ಒಂಬತ್ತು ಕಿಲೋಮೀಟರ್. ಅವಳು ನೀರು ಕೊಟ್ಟವರೆಲ್ಲ ಅವಳಿಗಿಂತ ಮುಂದಿದ್ದರು. ಆ ಮುದುಕರು ಕೂಡ. ಮೂವತ್ತೆಂಟರಲ್ಲಿ ಅವಳು ಅತ್ತಳು, ಬಸ್ಸಿನ ನಿಯಮದಂತೆ, ನಡೆಯುತ್ತಲೇ. ಒಂಬತ್ತನೇ ಕ್ಲಾಸಿನ ಬೆಂಚು ನೆನಪಾಯಿತು. ತೋಳಿಲ್ಲದ ರವಿಕೆ ನೆನಪಾಯಿತು. ಒಂದು ಆಂಬ್ಯುಲೆನ್ಸ್ ಪಕ್ಕಕ್ಕೆ ಬಂದು, ಕೂರ್ತೀರಾ ಎಂದು ಕೇಳಿತು. ಅವಳು ಬೇಡವೆಂದು ತಲೆಯಾಡಿಸಿ ಓಡತೊಡಗಿದಳು.

*

ಕೊನೆಯ ತಿರುವಿನಲ್ಲಿ ಅವಳು ಕಮಾನನ್ನು ಹುಡುಕಿದಳು. ಗಾಳಿ ತುಂಬಿದ ದೊಡ್ಡ ನೀಲಿ ಕಮಾನು ಇರುತ್ತದೆ ಎಂದು ಎಲ್ಲರೂ ಹೇಳಿದ್ದರು. ಅದು ಗಾಳಿ ಬಿಟ್ಟು ಫುಟ್‌ಪಾತಿನ ಮೇಲೆ ಮಡಚಿಕೊಂಡು ಬಿದ್ದಿತ್ತು. ಕೊನೆಯ ಗೆರೆಗೆ ಹಾಸಿದ್ದ ಮ್ಯಾಟನ್ನು ಸುತ್ತಿ ಟೆಂಪೋಗೆ ಏರಿಸುತ್ತಿದ್ದರು. ಗಡಿಯಾರದ ಹಲಗೆ ಕಪ್ಪಾಗಿತ್ತು. ಹನ್ನೆರಡು ದಾಟಿ ಏಳು ನಿಮಿಷ.

ಖಾಲಿ ರಸ್ತೆಯ ನಡುವೆ ಸುಶ್ರುತ ನಿಂತಿದ್ದ. ಬಾವುಟವನ್ನು ಬೆನ್ನಿನಿಂದ ಬಿಚ್ಚಿ ಕೈಯಲ್ಲಿ ನೆಟ್ಟಗೆ ಹಿಡಿದಿದ್ದ. ಟೆಂಪೋದವನು ಹಾರ್ನ್ ಹೊಡೆದ. ಅವನು ಕದಲಲಿಲ್ಲ.

ಅವಳು ಓಡಿದಳು. ಅವನ ಪಕ್ಕದಿಂದ ದಾಟಿ, ಎರಡು ಹೆಜ್ಜೆ ಹೆಚ್ಚೇ ಓಡಿ, ರಸ್ತೆಯ ಮೇಲೆಯೇ ಕೂತಳು.

ಬಹಳ ಹೊತ್ತಿನ ಮೇಲೆ ಕೇಳಿದಳು. "ನಿಮ್ಮದು ಎಷ್ಟಾಯ್ತು?"

"ಆರು ಗಂಟೆ ಇಪ್ಪತ್ತೊಂಬತ್ತು ನಿಮಿಷ."

"ಆಗಿಂದ ಇಲ್ಲೇ ನಿಂತಿದ್ದೀರಾ? ಎದುರಿಗೆ ಯಾಕೆ ಬರಲಿಲ್ಲ?"

"ಬರಬೇಕು ಅಂತಲೇ ಹೊರಟೆ. ಅಷ್ಟರಲ್ಲಿ ಇವರು ಮ್ಯಾಟ್ ಬಿಚ್ಚೋಕೆ ಶುರು ಮಾಡಿದ್ರು." ಅವನು ಬಾವುಟದ ಕೋಲಿನಿಂದ ನೆಲ ತೋರಿಸಿದ. "ಯಾರೂ ಇಲ್ಲದಿದ್ರೆ ಗೆರೆ ಎಲ್ಲಿತ್ತು ಅಂತ ನಿಮಗೆ ಹೇಗೆ ಗೊತ್ತಾಗ್ಬೇಕು?"

ಡಾಂಬರಿನ ಮೇಲೆ ಮ್ಯಾಟ್ ಅಂಟಿಸಿದ ಟೇಪಿನ ಒಂದು ತುಂಡು ಮಾತ್ರ ಉಳಿದಿತ್ತು. ಅವಳು ಕೈ ಚಾಚಿ ಅದನ್ನು ಕಿತ್ತುಕೊಂಡಳು. ಮುರಾರಿ ಮಾವನಿಗೆ ತೋರಿಸಬೇಕು. ಮಡಚಿ ಜೇಬಿಗೆ ಹಾಕಿದಳು.

"ಪದಕ ಸಿಗೋದಿಲ್ಲ," ಎಂದ.

"ಗೊತ್ತುಂಟು. ದೂರ ಪೂರ್ತಿ ಆಯ್ತಲ್ಲ?"

"ಪೂರ್ತಿ. ಎರಡು ಹೆಜ್ಜೆ ಜಾಸ್ತಿನೇ."

ಅವನು ಬಾಟಲಿಯ ಮುಚ್ಚಳ ತೆಗೆದು ನೀರು ಕೊಟ್ಟ. ಅವಳು ಎರಡೂ ಕೈಯಲ್ಲಿ ಹಿಡಿದು ಕುಡಿದಳು. ಬೇರೆಯವರು ಕೊಟ್ಟ ನೀರನ್ನು ಕೂತು ಕುಡಿದು ಎಷ್ಟೋ ವರ್ಷವಾಗಿತ್ತು. ಅವನು ಮತ್ತೇನೂ ಕೇಳಲಿಲ್ಲ. ಕೇಳಬಹುದಿತ್ತು. ಕೇಳದೆ ಬಗ್ಗಿ, ಅವಳ ಶೂಸಿನ ಲೇಸಿನ ಗಂಟನ್ನು ಉಗುರಿನಿಂದ ಬಿಡಿಸತೊಡಗಿದ. ಮೂರು ಸುತ್ತಿನ ಗಂಟು, ಸುಲಭಕ್ಕೆ ಬಿಚ್ಚಲಿಲ್ಲ.

ನೆರೂಳಿನಿಂದ ಠಾಣೆಗೆ ಹೋಗುವ ಲೋಕಲ್ ಭಾನುವಾರದ ಮಧ್ಯಾಹ್ನಕ್ಕೆ ಅರ್ಧ ಖಾಲಿಯಿತ್ತು. ಕಿಟಕಿಯ ಪಕ್ಕ ಅವಳು, ಪಕ್ಕದಲ್ಲಿ ಅವನು, ಇಬ್ಬರ ನಡುವೆ ಸುತ್ತಿಟ್ಟ ಬಾವುಟ. ಘನ್ಸೋಲಿ ದಾಟುವಷ್ಟರಲ್ಲಿ ಅವನು ತಲೆಯನ್ನು ಹಿಂದಕ್ಕೆ ಆನಿಸಿ ಕಣ್ಣು ಮುಚ್ಚಿದ್ದ. ಎಡಗಾಲಿನ ಶೂಸಿನ ತುದಿ ಮಾತ್ರ ಮೆಲ್ಲಗೆ ನೆಲ ಕುಟ್ಟುತ್ತಿತ್ತು.

ಅವಳು ಕಿಟಕಿಯ ಹೊರಗೆ ನೋಡಿದಳು. ತನ್ನ ಕೈಗಳನ್ನು ನೋಡಿದಳು. ಇಷ್ಟು ತಿಂಗಳಲ್ಲಿ ಒಮ್ಮೆಯೂ ಅವನನ್ನು ಹೆಸರು ಹಿಡಿದು ಕರೆದಿರಲಿಲ್ಲ.

"ಸುಶ್ರುತ್," ಎಂದಳು.

ಅವನು ಕಣ್ಣು ತೆರೆಯಲಿಲ್ಲ. ಕುಟ್ಟುತ್ತಿದ್ದ ಕಾಲು ನಿಂತಿತು.

"ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಬನ್ನಿ. ಆಗ ಹೋಟೆಲಿನಲ್ಲಿ ರಶ್ ಇರುವುದಿಲ್ಲ. ಮಾವನ ಹತ್ತಿರ ಮಾತಾಡಿ."