ಮುರಿದು ಕೂಡಿದ ಮೂಳೆ

1979ರ ನವೆಂಬರ್ 12, ಸೋಮವಾರ, ಬೆಳಿಗ್ಗೆ ಹತ್ತೂಕಾಲು. ಬನಶಂಕರಿಯ ಪ್ರಯೋಗಾಲಯವೊಂದರ ವಿಜ್ಞಾನಿ ವೆಂಕಟಾಚಲ ಠಾಣೆಗೆ ಬಂದು, ಮನುಷ್ಯನ ಮೊಣಕಾಲಿನ ಕೆಳಗಿನ ಮೂಳೆಯೊಂದು ಕಳುವಾಗಿದೆ ಎಂದು ಬರೆದುಕೊಟ್ಟರು. ಮುಷ್ಕರದ ಬಂದೋಬಸ್ತಿನಲ್ಲಿ ಮೂರು ದಿನ ನಿಂತೇ ಕಳೆದಿದ್ದ ಇನ್ಸ್‌ಪೆಕ್ಟರ್ ಏಕಾಂತಯ್ಯನವರಿಗೆ ಸೈಕಲ್ ಕಳ್ಳರನ್ನು ಹುಡುಕುವುದಕ್ಕೇ ಪುರುಸೊತ್ತಿರಲಿಲ್ಲ, ಈಗ ಮೂಳೆ ಬೇರೆ. ಆದರೂ ಎಫ್‌ಐಆರ್ ದಾಖಲಾಯಿತು.

ಅದು ಆಸ್ಪತ್ರೆಯಲ್ಲಿ ಕತ್ತರಿಸಿದ ಕಾಲಿನ ಮೂಳೆ. ಹಿಂದೊಮ್ಮೆ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಅಂಥ ಮೂಳೆಯ ಸುಣ್ಣವನ್ನು ಆಸಿಡ್ ಕರಗಿಸಿದ ಮೇಲೆ ಉಳಿದದ್ದು ಎಷ್ಟು ಭಾರ ತಡೆಯುತ್ತದೆ ಎಂಬುದು ವೆಂಕಟಾಚಲರ ಸಂಶೋಧನೆ. ಎರಡು ವರ್ಷ ಕಾದ ಮೇಲೆ ಅವರಿಗೆ ಅದು ಸಿಕ್ಕಿತ್ತು.

ಪ್ರಯೋಗಾಲಯದ ಬೀಗ ಒಡೆದಿರಲಿಲ್ಲ. ಕಾನ್‌ಸ್ಟೇಬಲ್ ಕೊಟ್ರಪ್ಪ ಪಂಚನಾಮೆ ಬರೆಯುತ್ತಿದ್ದಾಗ ಏಕಾಂತಯ್ಯನವರ ಕಣ್ಣು ಆ ಮೂಳೆಯಿದ್ದ ಗಾಜಿನ ಜಾಡಿಯ ಮೇಲೆ ಬಿತ್ತು. ಆಸಿಡ್ಡನ್ನು ಸಿಂಕಿಗೆ ಚೆಲ್ಲಿ, ಜಾಡಿಯನ್ನು ಉಜ್ಜಿ ತೊಳೆದು, ಬಟ್ಟೆಯ ಮೇಲೆ ಬೋರಲು ಹಾಕಲಾಗಿತ್ತು. ಕದ್ದವರು ಪಾತ್ರೆ ತೊಳೆದಿಟ್ಟು ಹೋಗಿದ್ದನ್ನು ಅವರು ಇಪ್ಪತ್ತೆರಡು ವರ್ಷದ ಸರ್ವಿಸ್ಸಿನಲ್ಲಿ ನೋಡಿರಲಿಲ್ಲ.

"ಇಲ್ಲಿ ಜಾಡಿ ತೊಳೆಯೋರು ಯಾರು?"

"ರುದ್ರಮ್ಮ ಅಂತ, ಸಾರಕ್ಕಿಯೋಳು. ಇವತ್ತು ಬಂದಿಲ್ಲ," ಎಂದರು ವೆಂಕಟಾಚಲ.

ರುದ್ರಮ್ಮನ ಗಂಡ ಶನಿವಾರ ಬೆಳಿಗ್ಗೆಯೇ ತೀರಿಕೊಂಡ ಎಂದು ವಾಚ್‌ಮನ್ ಪಿಳ್ಳಣ್ಣ ಹೇಳಿದ. ಅವತ್ತೇ ಮಧ್ಯಾಹ್ನ ಮೂರಕ್ಕೆ ಆಕೆ ಬಂದು, ಚೀಲ ಹಿಡಿದು ಹೊರಟಿದ್ದಳಂತೆ. ಸಾವಿನ ಮನೆಯವಳನ್ನು ಏನೆಂದು ಕೇಳುವುದು ಎಂದು ಅವನು ಸುಮ್ಮನಿದ್ದ. ಯಾವ ಮೂಳೆ ಯಾರದೆಂದು ಬರೆದಿಡುವ ರಿಜಿಸ್ಟರನ್ನು ಏಕಾಂತಯ್ಯ ತೆಗೆಸಿದರು. ಮೂಳೆಯ ಮುಂದೆ ದಾಸಪ್ಪ, ಸಾರಕ್ಕಿ ಎಂದಿತ್ತು. ರುದ್ರಮ್ಮನ ಗಂಡನೇ. ಅವಳು ಎರಡು ಸಲ ಅದನ್ನು ಕೇಳಿದ್ದಳೆಂದೂ, ಪ್ರಯೋಗ ಮುಗಿಯಲಿ ಎಂದು ತಾವು ಹೇಳಿ ಕಳಿಸಿದ್ದಾಗಿಯೂ ವೆಂಕಟಾಚಲ ಆಗ ಒಪ್ಪಿಕೊಂಡರು.

ಸಾರಕ್ಕಿಯಲ್ಲಿ ರುದ್ರಮ್ಮ ಹೊಸ್ತಿಲ ಬಳಿ ಕೂತಿದ್ದಳು. ಬೆರಳುಗಳ ಚರ್ಮ ಸುಲಿದಿತ್ತು.

"ಮೂಳೆ ಎಲ್ಲಮ್ಮ?"

"ಅವರ ಜೊತೇಲೇ ಮಣ್ಣು ಮಾಡಿದ್ವಿ ಸಾರ್, ನಿನ್ನೆ."

"ನಿನ್ನ ಗಂಡಂದೇ ಅಂತ ಹೆಂಗೆ ಗೊತ್ತಾಯ್ತು?"

"ಆರು ವರ್ಷ ಎಣ್ಣೆ ತಿಕ್ಕಿದ ಕಾಲು. ಸೊಟ್ಟ ಗೊತ್ತಾಗಲ್ವಾ?"

ಜಾಡಿಯಿಂದ ಹೊರಬಿದ್ದ ಮೂಳೆ ಇನ್ನು ಪ್ರಯೋಗಕ್ಕೆ ಬರುವುದಿಲ್ಲ, ಗುಂಡಿ ಅಗೆಸಬೇಡಿ ಎಂದು ವೆಂಕಟಾಚಲ ಹೇಳಿಕಳಿಸಿದರು. ದೂರನ್ನು ಮಾತ್ರ ಹಿಂತೆಗೆದುಕೊಳ್ಳಲಿಲ್ಲ. ಅವರ ಎರಡು ವರ್ಷವೂ ಮಣ್ಣುಪಾಲಾಗಿತ್ತು, ಏಕಾಂತಯ್ಯ ಅವರನ್ನು ಬೈಯುವುದಾದರೂ ಹೇಗೆ? ಸಂಜೆ ನಾಲ್ಕೂವರೆಗೆ ರುದ್ರಮ್ಮನ ದಸ್ತಗಿರಿಯಾಯಿತು. ಏಕಾಂತಯ್ಯನವರಿಗೆ ಮನೆಗೆ ಹೋಗಿ ಮಲಗಿದರೆ ಸಾಕು ಎನ್ನಿಸಿತ್ತು.

ಹೇಳಿಕೆ ಬರೆದು ಮುಗಿಸುವ ಮುಂಚೆ, ಇನ್ನೇನಾದರೂ ಹೇಳುವುದಿದೆಯೇ ಎಂದು ಅವಳನ್ನು ಕೇಳಿದರು.

"ಮೂಳೆ ಮೆತ್ತಗಾಗೋಗಿತ್ತು ಸಾರ್, ಹಿಡಿದ್ರೆ ಬಾಗ್ತಿತ್ತು. ಅಂಥಾ ಕಾಲಲ್ಲಿ ಎಲ್ಲಿ ನಡೀತಾರೆ ಅಂತ ಎರಡು ಬಿದಿರು ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದೆ."

ಕೊಟ್ರಪ್ಪ ಪೆನ್ನು ಎತ್ತಿ ಹಿಡಿದು ಸಾಹೇಬರ ಮುಖ ನೋಡಿದ. ಕೇಸಿಗೆ ಆ ಮಾತಿನಿಂದ ಏನೂ ಆಗಬೇಕಾಗಿರಲಿಲ್ಲ.

"ಅದನ್ನೂ ಬರ್ಕೋ," ಎಂದರು ಏಕಾಂತಯ್ಯ.