ಕೆಂಪಾದ ನೀಲಿ ಬಿಲ್ಲೆ

ಬೆಳಗಾಗುವಷ್ಟರಲ್ಲಿ ನೀಲಿ ಬಿಲ್ಲೆ ಕೆಂಪಾಗಿತ್ತು.

ಪ್ರಯೋಗಾಲಯದ ಉಗ್ರಾಣ ನೋಡಿಕೊಳ್ಳುವ ಮೇಡಮ್ ಅದನ್ನು ಬೆಳಕಿಗೆ ಹಿಡಿದರು. ಗಾಜಿನ ಡಬ್ಬಿಯೊಳಗೆ ನಾಣ್ಯದಷ್ಟು ಸಿಲಿಕಾ ಬಿಲ್ಲೆ. ಮೈತುಂಬ ಕಣ್ಣಿಗೆ ಕಾಣದ ತೂತು, ತೂತಿನೊಳಗೆಲ್ಲ ಬಣ್ಣ ಬದಲಿಸುವ ಪಾಲಿಮರ್. ವಿಷದ ಆವಿ ಸೋರಿದರೆ ಎಚ್ಚರಿಸಲೆಂದು ಮಾಡಿದ್ದು. ಆವಿ ತಗುಲಿದರೂ ಕೆಂಪು, ಬಿಸಿ ತಗುಲಿದರೂ ಕೆಂಪು. ಮತ್ತೆ ನೀಲಿಯಾಗದು. ಹನ್ನೊಂದಕ್ಕೆ ಅದನ್ನು ನೋಡಲು ತಜ್ಞರು ಬರುವವರಿದ್ದರು. ಅದನ್ನು ಮಾಡಿದ ವಿಜ್ಞಾನಿ ತಾಯಿಯ ಜೊತೆ ಆಸ್ಪತ್ರೆಯಲ್ಲಿದ್ದಳು.

"ಇವಳೇ ಸಾರ್. ಓವನ್ ಪಕ್ಕ ಇಟ್ಟಿದ್ದಾಳೆ," ಎಂದು ನಿರ್ದೇಶಕರಿಗೆ ಹೇಳಿದ ಸಹಾಯಕ, ಗಾಜು ತೊಳೆಯುವ ಅಕ್ಕನತ್ತ ಬೆರಳು ತೋರಿಸಿ. ಕೋಟಿನಲ್ಲಿ ಸುಕ್ಕೇ ಇರದ ಅವನನ್ನು ಎಲ್ಲರೂ ಇಸ್ತ್ರಿ ಎನ್ನುತ್ತಿದ್ದರು.

"ನಾನು ಮುಟ್ಟೇ ಇಲ್ಲ ಸಾರ್." ಹದಿನೆಂಟು ವರ್ಷದಲ್ಲಿ ಒಂದು ಬೀಕರನ್ನೂ ಒಡೆದವಳಲ್ಲ ಅಕ್ಕ.

"ನಾಳೆಯಿಂದ ಬರಬೇಡಮ್ಮ," ಎಂದರು ನಿರ್ದೇಶಕರು.

"ಅರ್ಧ ಗಂಟೆ ಕೊಡಿ ಸಾರ್," ಎಂದರು ಮೇಡಮ್.

* * *

ಬಿಸಿಲು ಬಿದ್ದಿತೇ? ಕಿಟಕಿ ಉತ್ತರಕ್ಕಿತ್ತು, ಬಿಸಿಲು ಬರದು. ಮೇಡಮ್ ಭೂತಗನ್ನಡಿ ಹಿಡಿದರು. ಬಿಲ್ಲೆಯ ಒಂದು ಅಂಚು ಕಡುಗೆಂಪು. ಎದುರಿನ ಅಂಚಿನಲ್ಲಿ ಮಾತ್ರ ಕೂದಲೆಳೆಯಷ್ಟು ಇನ್ನೂ ನೀಲಿ. ಕೆಂಪಿನ ಕಡೆಯೇ ಡಬ್ಬಿಯ ಮೇಲೆ ವಿಜ್ಞಾನಿಯ ಹೆಸರು. ಕಪ್ಪು ಶಾಯಿ.

ತೊಳೆಯುವ ಕೋಣೆಯಲ್ಲಿ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಈ ಜಾಡಿಯಲ್ಲೇನು?"

"ಶಾಯಿ ಒರೆಸೋ ಅಸಿಟೋನ್ ಹತ್ತಿ ಮೇಡಮ್. ಕಸ ಎತ್ತೋರ ಕೈ ಉರಿಯುತ್ತಲ್ಲ, ಅದಕ್ಕೆ ಬುಟ್ಟಿಯಿಂದ ಆರಿಸಿ ಮುಚ್ಚಿಡ್ತೀನಿ. ಯಾರೂ ಹೇಳಿಲ್ಲ, ಸುಮ್ನೆ."

ಜಾಡಿಯೊಳಗೆ ಮೇಲೆಯೇ ಎರಡು ಹತ್ತಿಯುಂಡೆ. ಒಂದಕ್ಕೆ ಹಸಿರು ಶಾಯಿ, ಇನ್ನೊಂದಕ್ಕೆ ಕಪ್ಪು.

"ಹಸಿರು ಉಂಡೆ ನಿನ್ನೆ ಸಂಜೇದು. ಕಪ್ಪು ಉಂಡೆ ಈಗ ಬೆಳಿಗ್ಗೆ ಸಿಕ್ಕಿದ್ದು."

* * *

"ಬಿಸಿಯಾಗಿದ್ರೆ ಇಡೀ ಬಿಲ್ಲೆ ಕೆಂಪಾಗ್ತಿತ್ತು," ಎಂದರು ಮೇಡಮ್, ಎರಡೂ ಉಂಡೆಗಳನ್ನು ನಿರ್ದೇಶಕರ ಮುಂದಿಟ್ಟು. "ಇದು ಮುಚ್ಚಳದ ಸಂದಿಯಿಂದ, ಒಂದೇ ಕಡೆಯಿಂದ ಹೊಕ್ಕ ಅಸಿಟೋನ್ ಆವಿ. ಇಲ್ಲಿ ಹಸಿರು ಪೆನ್ನಲ್ಲಿ ಬರೆಯೋಳು ವಿಜ್ಞಾನಿ ಒಬ್ಬಳೇ. ಅವಳ ಹೆಸರನ್ನ ಅಸಿಟೋನಲ್ಲಿ ಒರೆಸಿ, ಕಪ್ಪಲ್ಲಿ ಮತ್ತೆ ಅವಳ ಹೆಸರನ್ನೇ ಬರೆಯೋ ಹುಚ್ಚರು ಯಾರಿದ್ದಾರೆ ಸಾರ್? ನಡುವೆ ಇನ್ನೊಂದು ಹೆಸರಿತ್ತು. ಬೆಳಿಗ್ಗೆ ಬಣ್ಣ ನೋಡಿ ಹೆದರಿ ಅದನ್ನೂ ಒರೆಸಿದ್ದಾರೆ. ನಿನ್ನೆ ಬಾಗಿಲು ಹಾಕಿದ್ದು, ಇವತ್ತು ತೆಗೆದದ್ದು ಯಾರು?"

ಕೀಲಿಕೈ ಇಸ್ತ್ರಿಯ ಜೇಬಿನಲ್ಲಿತ್ತು.

"ಮುಚ್ಚಳ ಮುಚ್ಚಿತ್ತಲ್ಲ, ಏನೂ ಆಗಲ್ಲ ಅಂದ್ಕೊಂಡೆ," ಎಂದ ಇಸ್ತ್ರಿ, ನೆಲ ನೋಡುತ್ತ. "ತಜ್ಞರ ಮುಂದೆ ಒಂದು ಸಲ ನನ್ನ ಹೆಸರಿರಲಿ ಅಂತ."

"ಅದಕ್ಕೆ ಅಕ್ಕನ ಅನ್ನ ಕಿತ್ಕೊಳ್ಳೋದಾ?" ಎಂದರು ಮೇಡಮ್.

ನಿರ್ದೇಶಕರು ಅಕ್ಕನ ಮುಖ ನೋಡಲಾರದೆ ಗಡಿಯಾರ ನೋಡಿದರು. "ನಾಳೆಯೂ ಬಾಮ್ಮ. ತಪ್ಪಾಯ್ತು." ಆಮೇಲೆ ಮೇಡಮ್ ಕಡೆ ತಿರುಗಿ, "ತಜ್ಞರಿಗೆ ಏನು ತೋರಿಸೋದು?"

"ಇದನ್ನೇ ಸಾರ್. ಮುಚ್ಚಿದ ಡಬ್ಬಿಯೊಳಗಿದ್ದೂ ಆವಿ ಹಿಡಿದಿದೆ. ಅದರ ಕೆಲಸವೇ ಅದಲ್ವಾ?"

ಅಕ್ಕ ಎರಡೂ ಉಂಡೆಗಳನ್ನು ಜಾಡಿಗೆ ಹಾಕಿ, ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದಳು.